ಏಳು ದಿವಸಗಳ ನಾದಯಾತ್ರೆ

ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪ್ರತಿವರುಷ ಜೂನ್ ತಿಂಗಳಿನಲ್ಲಿ ಪಂಡಿತ ಪಂಚಾಕ್ಷರಿ ಗವಾಯಿಗಳ ಪುಣ್ಯಸ್ಮರಣೆಯ ನಿಮಿತ್ತವಾಗಿ ಸಂಗೀತಸೇವೆಯು ನಡೆಯುವದು ವಾಚಕರಲ್ಲಿ ಅನೇಕರಿಗೆ ತಿಳಿದ ಸಂಗತಿಯೇ ಆಗಿದೆ. ರೋಣದ ಸೀಮೆಯ ಶಾಲೆಗಳಲ್ಲಿ ಮೂವತ್ತು ವರುಷಕ್ಕೂ ಮಿಕ್ಕಿ ಮಾಸ್ತರಿಕೆ ಮಾಡಿದ ನಾನು ಮಾತ್ರ ಆ ಸಭೆಯಲ್ಲಿ ಒಂದು ರಾತ್ರಿಯನ್ನಾದರೂ ಪೂರ್ತಿಯಾಗಿ ಕುಳಿತವನಲ್ಲ. ಅಮರಕೋಶ, ಶಬ್ದರೂಪಾವಲಿ, ಪರೀಕ್ಷೆ, ಹಾಜರಿಪಟ್ಟಿ ಇವುಗಳ ಆಚೆಗೆ ಕಿವಿಗೊಡುವ ವ್ಯವಧಾನವು ನನಗೆ ದೊರೆಯಲಿಲ್ಲವೆನ್ನುವದಕ್ಕಿಂತ, ನಾನೇ ಅದನ್ನು ದೊರಕಿಸಿಕೊಳ್ಳಲಿಲ್ಲವೆನ್ನುವದು ನಿಜವು.

ಈ ವರುಷ ನನ್ನನ್ನು ಮನೆಯಿಂದ ಹೊರಡಿಸಿದವನು ಹನ್ನೊಂದು ವರುಷದ ಮೊಮ್ಮಗನು. ಊಟದ ತಾಟು, ಪುಸ್ತಕದ ರಟ್ಟು, ಅಜ್ಜಿಯ ಹಿಟ್ಟಿನ ಡಬ್ಬಿ, ಎಲ್ಲವೂ ಅವನಿಗೆ ತಬಲವೇ. ಶಾಲೆಗಳು ಆಗತಾನೆ ಪ್ರಾರಂಭವಾಗಿದ್ದವು. ಏಳು ದಿವಸ ಹುಡುಗನನ್ನು ಕರೆದೊಯ್ಯುವೆನೆಂದಾಗ ಮಗನು, "ಜನ್ಮೆಲ್ಲಾ ಮಾಸ್ತರಿಕಿ ಮಾಡಿದವರು ನೀವs ಸಾಲಿ ಬಿಡಸ್ತೀರೇನಪಾ?" ಎಂದು ಕೇಳಿದನು. ಅದಕ್ಕೆ ನಾನು ಉತ್ತರ ಕೊಡಲಿಲ್ಲ. ಉತ್ತರವು ನನಗಿನ್ನೂ ತಿಳಿದಿರಲಿಲ್ಲ.

ಗದಗಿಗೆ ನೆಟ್ಟಗೆ ಹೋಗದೆ, ನರಗುಂದ, ರೋಣ, ಗಜೇಂದ್ರಗಡಗಳ ಮೇಲೆ ಹಾಯ್ದು ಹೋಗಬೇಕೆಂದು ಗೊತ್ತುಮಾಡಿದೆನು. ಮೊದಲು ಧಾರವಾಡ ಜಿಲ್ಲೆಯಲ್ಲಿದ್ದ ಈ ಸೀಮೆಯು 1997ರಿಂದ ಗದಗ ಜಿಲ್ಲೆಗೆ ಸೇರಿದೆ. ಧಾರವಾಡದಿಂದ ಮೋಟಾರು ಹತ್ತಿ ನವಲಗುಂದವನ್ನು ದಾಟುತ್ತಲೆ ಎರೆಹೊಲಗಳು ಎರಡೂ ಮಗ್ಗುಲಿಗೆ ಹಾಸಿಕೊಂಡವು. ಮುಂಗಾರಿ ಮಳೆಯು ಬಿದ್ದು ಹೆಸರಿನ ಬಿತ್ತನೆಯು ನಡೆದಿದ್ದಿತು.

ನರಗುಂದದ ಗುಡ್ಡವು ಆ ಬಯಲಿನಲ್ಲಿ ದೂರದಿಂದಲೇ ಕಾಣುತ್ತದೆ. 1858ರಲ್ಲಿ ಇಂಗ್ಲಿಷರ ಮೇಲೆ ಬಂಡೆದ್ದು ಗಲ್ಲಿಗೇರಿದ ಬಾಬಾಸಾಹೇಬ ಭಾಸ್ಕರರಾಯ ಭಾವೆಯವರ ಊರಿದು. ಅವರ ಶೌರ್ಯವನ್ನು ಎಲ್ಲರೂ ಬಲ್ಲರು. ಆದರೆ ಅವರಲ್ಲಿ ಸಂಸ್ಕೃತ ಗ್ರಂಥಗಳ ಬಹು ದೊಡ್ಡ ಸಂಗ್ರಹವಿದ್ದಿತೆಂಬುದನ್ನು ಬಲ್ಲವರು ಕಡಿಮೆ. ಸಂಸ್ಥಾನವು ಅಳಿದ ಮೇಲೆ ಆ ಗ್ರಂಥರಾಶಿಯೂ ಉಳಿಯಲಿಲ್ಲ. ಸಂಸ್ಕೃತವನ್ನೇ ನಂಬಿ ಬಾಳಿದ ನನಗೆ ಗುಡ್ಡದ ಬುಡದಲ್ಲಿ ನಿಂತಾಗ ಆ ಓಲೆಗರಿಗಳದೇ ಚಿಂತೆಯಾಯಿತು. ಕಪಾಟಿನಲ್ಲಿಟ್ಟ ವಿದ್ಯೆಯು ಒಂದು ದಿವಸದಲ್ಲಿ ಹೋಗಬಹುದು. ಹಾಗಾದರೆ ಯಾವ ವಿದ್ಯೆಯು ಉಳಿದೀತು?

ಮರುದಿವಸ ರೋಣಕ್ಕೆ ಬಂದೆವು. ದ್ರೋಣಪುರವೆಂಬ ಹಳೆಯ ಹೆಸರನ್ನು ಹೇಳುವ ಈ ಊರಿನಲ್ಲಿ ಶಿಲೆಯ ಗುಡಿಗಳು ಅನೇಕವಿವೆ. ಆದರೆ ಈಗ ದೇಶಕ್ಕೆಲ್ಲ ರೋಣದ ಹೆಸರು ಗೊತ್ತಾಗಿರುವದು 1922ರಲ್ಲಿ ಇಲ್ಲಿ ಹುಟ್ಟಿದ ಭೀಮಸೇನ ಜೋಶಿಯವರಿಂದ. ಅವರ ತಂದೆ ಗುರುರಾಜ ಜೋಶಿಯವರೂ ಮಾಸ್ತರರೇ. ಬಾಲಕ ಭೀಮಸೇನನು ಭಜನೆಯ ಮೇಳವೋ ಬಾಜಾಬಜಂತ್ರಿಯ ಮೆರವಣಿಗೆಯೋ ಕಂಡರೆ ಹಿಂದೆಹಿಂದೆ ಹೋಗಿ ದಣಿದಲ್ಲಿಯೇ ಮಲಗಿಬಿಡುತ್ತಿದ್ದನಂತೆ. ಹುಡುಕಿ ಹುಡುಕಿ ಬೇಸತ್ತ ತಂದೆಯು ಕಡೆಗೆ ಅವನ ಅಂಗಿಯ ಮೇಲೆ "ಜೋಶಿ ಮಾಸ್ತರರ ಮಗ" ಎಂದು ಬರೆದು ಕಳಿಸಿದರೆಂದೂ, ಕಂಡವರು ಹುಡುಗನನ್ನು ಮನೆಗೆ ಮುಟ್ಟಿಸುತ್ತಿದ್ದರೆಂದೂ ಹೇಳುತ್ತಾರೆ. ಹನ್ನೊಂದನೆಯ ವಯಸ್ಸಿನಲ್ಲಿ, 1933ರಲ್ಲಿ, ಆ ಹುಡುಗನು ಗುರುವನ್ನರಸುತ್ತ ಮನೆಬಿಟ್ಟು ಹೋದನು. ರೈಲಿನಲ್ಲಿ ಹಾಡಿ ತೋರಿಸುತ್ತ, ಗ್ವಾಲಿಯರ ಮೊದಲಾದ ಊರುಗಳನ್ನು ತಿರುಗಿ, ಜಾಲಂಧರದವರೆಗೆ ಹೋದನು. ತಂದೆಯು ಅಲ್ಲಿಂದ ಅವನನ್ನು ಕರೆತಂದರು. 1936ರಲ್ಲಿ ಕುಂದಗೋಳದ ಸವಾಯಿ ಗಂಧರ್ವರು ಅವನನ್ನು ಶಿಷ್ಯನನ್ನಾಗಿ ಸ್ವೀಕರಿಸಿದರು. ಮುಂದೆ 2008ರಲ್ಲಿ ಭಾರತರತ್ನ ಪದವಿಯು ಘೋಷಿತವಾದದ್ದು ಆ ಹುಡುಗನಿಗೇ.

ಈ ಕಥೆಯನ್ನು ತರಗತಿಯಲ್ಲಿ ನಾನು ಎಷ್ಟೋ ಸಲ ಹೇಳಿದ್ದೇನೆ. ಹೇಳುವವನ ನಡತೆಯು ಹೇಗಿದ್ದಿತೆಂಬುದನ್ನು ಈಗ ಹೇಳಬೇಕಾಗಿದೆ. ಇಪ್ಪತ್ತೈದು ವರುಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ರಾತ್ರಿಯೆಲ್ಲ ಭಜನೆಯ ಗುಡಿಯಲ್ಲಿ ಪೇಟಿ ಬಾರಿಸಿ, ಬೆಳಿಗ್ಗೆ ವಿಭಕ್ತಿಪ್ರತ್ಯಯಗಳ ನಡುವೆ ತೂಕಡಿಸುತ್ತಿದ್ದನು. ಒಂದು ದಿವಸ ಅವನನ್ನು ಬಾಕಿನ ಮೇಲೆ ನಿಲ್ಲಿಸಿ, ಅವನ ತಂದೆಯನ್ನು ಕರೆಸಿ, "ಪೇಟಿ ಬಿಡಿಸ್ರಿ, ಇಲ್ಲಾ ಸಾಲಿ ಬಿಡಿಸ್ರಿ" ಎಂದು ಗರ್ಜಿಸಿದೆನು. ತಂದೆಯು ಪೇಟಿಯನ್ನು ಬಿಡಿಸಿದನು. ಎರಡು ವರುಷಗಳಲ್ಲಿ ಶಾಲೆಯೂ ಬಿಟ್ಟಿತು.

ರೋಣದ ಪೇಟೆಯಲ್ಲಿ ಆತನು ಈಗ ಕಿರಾಣಿ ಅಂಗಡಿಯನ್ನು ಇಟ್ಟಿದ್ದಾನೆ. ನನ್ನನ್ನು ಕಂಡ ಕೂಡಲೆ ಎದ್ದು ಬಂದು ಕಾಲುಮುಟ್ಟಿ ನಮಸ್ಕರಿಸಿ, ಚಹ ತರಿಸಿದನು. ಪೇಟಿಯ ಮಾತು ತೆಗೆಯಲು ನನಗೆ ಧೈರ್ಯ ಸಾಲದು. ಆದರೂ ಕೇಳಿದೆನು.

"ಅಟ್ಟದ ಮ್ಯಾಲ ಐತ್ರೀ ಸರ್. ಇಲಿ ಕಡದಾವ," ಎಂದು ನಕ್ಕನು. "ನೀವು ಅವತ್ತ ಹೇಳಿದ್ದು ಛಲೋನs ಆತ್ರಿ. ಇಲ್ಲಾಂದ್ರ ಊರೂರು ತಿರಕೊಂತ ಹೊಕ್ಕಿದ್ನಿ."

ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಹೊರಡುವಾಗ ಮೊಮ್ಮಗನ ಕೈಯಲ್ಲಿ ಬೆಲ್ಲ, ಶೇಂಗಾಗಳ ಪೊಟ್ಟಣವನ್ನಿಟ್ಟು, "ತಮ್ಮಾ, ಏನ್ ಬಾರಸ್ತೀ?" ಎಂದು ಕೇಳಿದನು. "ತಬಲಾ" ಎಂದು ಹುಡುಗನು ಹೇಳಿದನು. ಅಂಗಡಿಕಾರನು ಬಹಳ ಹೊತ್ತು ಅವನ ಬೆರಳುಗಳನ್ನೇ ನೋಡಿದನು.

ಮೂರನೆಯ ದಿವಸ ಗಜೇಂದ್ರಗಡ. ಮರಾಠರಿಗೂ ಟೀಪೂ ಸುಲ್ತಾನನಿಗೂ 1787ರಲ್ಲಿ ಒಪ್ಪಂದವಾದ ಊರಿದು. ಸಮೀಪದ ಗುಡ್ಡದಲ್ಲಿ ಕಾಲಕಾಲೇಶ್ವರನ ಸನ್ನಿಧಿಯಿದೆ. ಮೆಟ್ಟಿಲುಗಳನ್ನೇರಿದರೆ ಅಂತರಗಂಗೆಯೆಂಬ ಜಲವು ಬಂಡೆಯೊಳಗಿಂದ ಜಿನುಗಿ ಬೀಳುವದನ್ನು ಕಾಣಬಹುದು. ಸುತ್ತಲಿನ ನೆಲವು ಎಷ್ಟೇ ಬಾಯಿಬಿಟ್ಟಿದ್ದರೂ ಆ ಹನಿಯು ನಿಲ್ಲದೆಂದು ಭಕ್ತರ ಅಭಿಮಾನ. ಕೆಳಗೆ ಊರಿನಲ್ಲಿ ನೇಕಾರರ ಓಣಿಯಲ್ಲಿ ಹೋಗುವಾಗ ಮೊಮ್ಮಗನು ಒಂದು ಮನೆಯ ಮುಂದೆ ಥಟ್ಟನೆ ನಿಂತು, ಬೆರಳು ಮಡಿಸಿ ಎಣಿಸಿ, "ಅಜ್ಜಾ, ಈ ಮಗ್ಗ ದಾದರಾ ಬಾರಸ್ಲಿಕ್ಕತ್ತದ!" ಎಂದು ಕೂಗಿದನು. ಲಾಳಿಯ ಓಟದಲ್ಲಿ ಆರು ಮಾತ್ರೆಗಳ ತಾಲವಿರುವದು ಅರವತ್ತು ವರುಷದ ನನ್ನ ಕಿವಿಗೆ ಅಂದಿನವರೆಗೆ ಕೇಳಿಸಿರಲಿಲ್ಲ.

ಅಲ್ಲಿಂದ ನರೇಗಲ್ಲಿನ ಮೇಲೆ ಗದಗಿಗೆ ಬಂದು ನಾಲ್ಕು ರಾತ್ರಿಗಳನ್ನು ಪುಣ್ಯಾಶ್ರಮದಲ್ಲಿ ಕಳೆದೆವು. ಈ ಆಶ್ರಮದ ಮೂಲಪುರುಷರಾದ ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟು ಕುರುಡರಾಗಿ ಜನಿಸಿದರು. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಕರ್ನಾಟಕ, ಹಿಂದುಸ್ತಾನಿ ಎರಡೂ ಪದ್ಧತಿಗಳಲ್ಲಿ ಪಾರಂಗತರಾಗಿ, ಅಂಧರನ್ನೂ ಅನಾಥರನ್ನೂ ಕಟ್ಟಿಕೊಂಡು ಊರೂರು ಸಂಚರಿಸುತ್ತ ಸಂಗೀತಶಾಲೆಯನ್ನು ನಡೆಸಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ, ಅವರಂತೆಯೇ ಅಂಧರಾಗಿದ್ದ ಪುಟ್ಟರಾಜ ಗವಾಯಿಗಳು ಆ ಭಾರವನ್ನು ಹೊತ್ತು, ನಾಟಕ ಕಂಪನಿಯನ್ನು ಕಟ್ಟಿ ಅದರ ಗಳಿಕೆಯಿಂದ ಮಕ್ಕಳಿಗೆ ಅನ್ನವಿಕ್ಕಿದರು. 2010ರಲ್ಲಿ ಅವರೂ ನಮ್ಮನ್ನಗಲಿದರು. ಬಸವರಾಜ ರಾಜಗುರುಗಳಂತಹ ಗಾಯಕರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ವೆಂಕಟೇಶಕುಮಾರರು ಪುಟ್ಟರಾಜರ ಶಿಷ್ಯರು.

ಸಭೆಯೆಂದರೆ ಗಾದಿಯ ಕುರ್ಚಿಗಳ ಸಭೆಯಲ್ಲ. ಜಮಖಾನೆಯ ಮೇಲೆ ರೈತರು, ಹೆಂಗಸರು, ತೊಡೆಯ ಮೇಲೆ ಮಲಗಿದ ಕೂಸುಗಳು. ದಾಸೋಹದಲ್ಲಿ ಗೋದಿಹುಗ್ಗಿಯನ್ನು ಉಂಡವರು ಕೈತೊಳೆದು ಬಂದು ಕೇಳಲು ಕೂಡುವರು. ಯಮನದಿಂದ ಪ್ರಾರಂಭವಾಗಿ, ನಡುರಾತ್ರಿಗೆ ಮಾಲಕಂಸವು ಬಂದು, ಬೆಳಗಿನ ಜಾವಕ್ಕೆ ಭೈರವಿಯಿಂದ ಮುಗಿಯುವದು. ಮೊದಲ ರಾತ್ರಿ ನನಗೆ ನಿದ್ರೆ ಬಂದಿತು. ಎರಡನೆಯ ರಾತ್ರಿ ಮೊಳಕಾಲು ನೊಂದವು. ಮೂರನೆಯ ರಾತ್ರಿ ಎರಡೂ ಮರೆತುಹೋದವು.

ಆದರೆ ಸಭೆಗಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸಿದುದು ಮೂರನೆಯ ರಾತ್ರಿಯ ಮರುಬೆಳಗಿನ ಒಂದು ಪಾಠ. ದೃಷ್ಟಿಯಿಲ್ಲದ ಹುಡುಗರು ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟು ಸಾಲಾಗಿ ಬಂದು ಕುಳಿತರು. ಗುರುವು ತೋಡಿಯ ಒಂದು ತುಣುಕನ್ನು ಹಾಡಿದನು. ಅವರು ಮರಳಿ ಹಾಡಿದರು. ಕೋಮಲ ಗಾಂಧಾರವು ಕೂದಲೆಳೆಯಷ್ಟು ತಪ್ಪಿದರೂ ಮತ್ತೆ, ಮತ್ತೆ. ಇದು ವೇದದ ಸಂಥೆಯೇ ಅಲ್ಲವೆ? ಪುಸ್ತಕವಿಲ್ಲ, ಓಲೆಗರಿಯಿಲ್ಲ. ಬಾಯಿಂದ ಕಿವಿಗೆ, ಕಿವಿಯಿಂದ ಬಾಯಿಗೆ. ನರಗುಂದದ ಬುಡದಲ್ಲಿ ಹುಟ್ಟಿದ ಪ್ರಶ್ನೆಗೆ ಇಲ್ಲಿ ಉತ್ತರ ದೊರೆಯಿತು. ಕೇಳುವ ಒಬ್ಬ ಹುಡುಗನಿರುವವರೆಗೆ ಮಾತ್ರ ವಿದ್ಯೆಯು ಉಳಿಯುವದು. ಅಂಥ ಒಬ್ಬನನ್ನು ನಾನು ಬಾಕಿನ ಮೇಲೆ ನಿಲ್ಲಿಸಿದ್ದೆನು.

ಕಡೆಯ ರಾತ್ರಿ ಮೊಮ್ಮಗನು, ತಬಲಜಿಯ ಕೈ ಕಾಣುವಂತೆ ಮುಂದೆ ಆಶ್ರಮದ ಹುಡುಗರ ನಡುವೆ ಕುಳಿತುಕೊಳ್ಳುವೆನೆಂದು ಹಟಮಾಡಿದನು. ಜನಸಂದಣಿಯು ಬಹಳವಿದ್ದಿತು, ನಾನು ಗೋಡೆಯನ್ನು ಬಿಟ್ಟು ಏಳುವ ಸ್ಥಿತಿಯಲ್ಲಿರಲಿಲ್ಲ. ಬೇಡವೆನ್ನುವ ಮಾತು ಬಾಯಿಯವರೆಗೆ ಬಂದಿತು. ಆದರೆ ಅದನ್ನು ನುಂಗಿ, ಒಂದು ಚೀಟಿಯ ಮೇಲೆ ನನ್ನ ಹೆಸರನ್ನೂ, "ಮಾಸ್ತರರ ಮೊಮ್ಮಗ" ಎಂದೂ ಬರೆದು, ಅವನ ಅಂಗಿಗೆ ಟಾಚಣಿಯಿಂದ ಚುಚ್ಚಿ ಕಳಿಸಿದೆನು. ಬೆಳಗಿನ ಭೈರವಿಯ ಹೊತ್ತಿಗೆ ಒಬ್ಬ ರೈತನು ನಿದ್ದೆಹೋದ ಹುಡುಗನನ್ನು ಹೆಗಲ ಮೇಲೆ ಹೊತ್ತು, ಚೀಟಿಯನ್ನು ತೋರಿಸುತ್ತ, ನನ್ನನ್ನು ಹುಡುಕಿಕೊಂಡು ಬಂದನು.

ಗೃಹಸ್ಥರಾದ ವಾಚಕರಲ್ಲಿ ನನ್ನ ವಿನಂತಿಯಿಷ್ಟೆ. ಮಕ್ಕಳನ್ನು ಗವಾಯಿಗಳನ್ನಾಗಿ ಮಾಡಿರೆಂದು ನಾನು ಹೇಳುವದಿಲ್ಲ; ಶಾಲೆ ಬಿಡಿಸಿರೆಂದಂತೂ ಹೇಳಲಾರೆ. ಆದರೆ ನಿಮ್ಮ ಊರಿನಲ್ಲಿ ಹಾಡು ನಡೆದಾಗ ಅವರನ್ನು ಮುಂದೆ ಕೂಡ್ರಿಸಿರಿ.

ಮನೆಗೆ ಬಂದ ಮೇಲೆ ಮಗನಿಗೆ ಇದನ್ನೆಲ್ಲ ಹೇಳಿದೆನು. ಅವನು ಏನೂ ಮಾತಾಡಲಿಲ್ಲ. ಮರುದಿವಸ ಸಂಜೆ, "ಅಪ್ಪಾ, ಇಲ್ಲೆ ಹತ್ರ ತಬಲಾ ಕಲಸೋರು ಯಾರಿದ್ದಾರ?" ಎಂದು ಕೇಳಿದನು.