ಹಳೇ ಕಾರ್ಬನ್ ಎಸೆಯಬೇಡಿ

ಸೋದರಮಾವನ ರಾಲಿವುಲ್ಫ್ ಡ್ರಿಲ್ಲನ್ನು ಕೆಡಿಸಿದ್ದು ನಾನೇ. ಮಾವ ದಾವಣಗೆರೆಯಲ್ಲಿ ಮರಗೆಲಸ ಮಾಡುತ್ತಿದ್ದರು. ಅಲ್ಯೂಮಿನಿಯಂ ಮೈಯ ಆ ಭಾರದ ಮಿಷನ್ನು ಅವರು ಹೋದ ಮೇಲೆ ನನ್ನ ಪಾಲಿಗೆ ಬಂತು. ತಿರುಗುವಾಗ ಹಿಂಬದಿಯ ಕಿಂಡಿಯಲ್ಲಿ ಕಿಡಿ ಹಾರುತ್ತಿತ್ತು, ಅಷ್ಟೇ. ಬಿಚ್ಚಿ ನೋಡಿದರೆ ಕಾರ್ಬನ್ ಬ್ರಷ್ ಎರಡೂ ಸವೆದು ಮೋಟಾಗಿದ್ದವು. ತೆಗೆದು ಕಸದ ಬುಟ್ಟಿಗೆ ಹಾಕಿದೆ.

ಹೊಸದು ಕೊಳ್ಳಲು ಹೋದಾಗ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಾತ ಮೊದಲು ಕೇಳಿದ್ದೇ, "ಹಳೇದು ತಂದಿದ್ದೀರಾ ಸಾರ್?" ಎಂದು. ಇರಲಿಲ್ಲ. ಅಂದಾಜಿನ ಮೇಲೆ ಒಂದು ಜೊತೆ ಕೊಂಡೆ. ತುಸು ದಪ್ಪವಿತ್ತು. ದಪ್ಪ ಇದ್ದರೆ ತೊಂದರೆಯಿಲ್ಲ; ಸ್ಯಾಂಡ್‌ಪೇಪರನ್ನು ಗಾಜಿನ ಮೇಲಿಟ್ಟು ಬದಿಗಳನ್ನು ಸಮನಾಗಿ ಉಜ್ಜಿ ಇಳಿಸಬಹುದು. ಆದರೆ ಬ್ರಷ್ಷು ಗೂಡಿನೊಳಗೆ ಸಲೀಸಾಗಿ ಜಾರಬೇಕು, ಸವೆದಂತೆಲ್ಲ ಸ್ಪ್ರಿಂಗ್ ಅದನ್ನು ಮೋಟರಿನ ತಿರುಗುವ ಕಮ್ಯುಟೇಟರಿನತ್ತ ಒತ್ತುತ್ತಿರಬೇಕು. ನಾನು ಅರ್ಧಂಬರ್ಧ ಉಜ್ಜಿ ತುರುಕಿದೆ. ಬ್ರಷ್ಷು ಗೂಡಿನಲ್ಲೇ ಕಚ್ಚಿಕೊಂಡಿತು, ಕಿಡಿ ಇನ್ನೂ ಹೆಚ್ಚಿತು, ಕಮ್ಯುಟೇಟರಿನ ತಾಮ್ರದ ಪಟ್ಟಿಗಳು ಕಪ್ಪಾದವು. ಎಮರಿ ಕಾಗದದಿಂದ ತಿಕ್ಕಿದೆ. ಪಟ್ಟಿಗಳ ನಡುವೆ ಮೈಕಾ ಇರುವ ಸಣ್ಣ ಸಂದುಗಳಿವೆ. ಅಲ್ಲಿ ತಾಮ್ರದ, ಕಾರ್ಬನ್ನಿನ ಪುಡಿ ಕೂತರೆ ಅಕ್ಕಪಕ್ಕದ ಪಟ್ಟಿಗಳು ಶಾರ್ಟ್ ಆಗುತ್ತವೆ. ಸಂದು ಶುಚಿ ಮಾಡದೆ ಸ್ವಿಚ್ ಒತ್ತಿದೆ. ವಾರ್ನಿಷ್ ಸುಟ್ಟ ವಾಸನೆ ಬಂತು. ಮೋಟರಿನೊಳಗೆ ತಿರುಗುವ, ತಂತಿ ಸುತ್ತಿದ ಆರ್ಮೇಚರ್ ಹೋಯಿತು.

ಆಮೇಲೆ ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು. ವೈಂಡಿಂಗ್ ಮಾಡುವವರಿಗೆ ಕೆಲಸ ಹಗುರಾಗಲಿ ಎಂದು ಸುಟ್ಟ ತಂತಿಯನ್ನೆಲ್ಲ ಕತ್ತರಿಸಿ, ಕಿತ್ತು, ಗುಜರಿಗೆ ಹಾಕಿಬಿಟ್ಟೆ. ವೈಂಡಿಂಗ್ ಅಂಗಡಿಯ ಹಿರಿಯರು ಬೋಳು ಆರ್ಮೇಚರನ್ನು ಬೆರಳಲ್ಲಿ ತಿರುಗಿಸುತ್ತಾ, "ಎಷ್ಟು ಸುತ್ತು, ಯಾವ ಗೇಜು, ಯಾವ ತುದಿ ಯಾವ ಪಟ್ಟಿಗೆ ಅಂತ ಈಗ ಯಾರನ್ನ ಕೇಳ್ಲಿ? ಅದನ್ನ ಹೇಳ್ತಿದ್ದದ್ದೇ ಆ ತಂತಿ" ಅಂದರು. ಬೇರೆ ಮಿಷನ್ನಿನ ಆರ್ಮೇಚರ್ ಹಾಕೋಣವೆಂದರೆ ಅದೂ ಸುಲಭವಿಲ್ಲ. ಗೇರಿನ ಹಲ್ಲುಗಳನ್ನು ಶಾಫ್ಟಿನ ತುದಿಯಲ್ಲೇ ಕಡೆದಿದ್ದರು. ಹಲ್ಲಿನ ಲೆಕ್ಕ, ಓರೆ, ಶಾಫ್ಟಿನ ಉದ್ದ ಎಲ್ಲವೂ ಹೊಂದಬೇಕು. ಗುಜರಿ ಅಂಗಡಿಗಳನ್ನು ಸುತ್ತಿದೆ, ಸಿಗಲಿಲ್ಲ. ಮಾವನ ಡ್ರಿಲ್ ಮತ್ತೆ ತಿರುಗಲೇ ಇಲ್ಲ.

ಉಳಿಸಬಹುದಾಗಿದ್ದ ಮಿಷನ್ನು ಅದು, ಅದಕ್ಕೇ ಸಂಕಟ. ಡ್ರಿಲ್ಲಿನ ರಚನೆಯೇ ಹಳೆಯದು: ಬಿಟ್ ಹಿಡಿಯುವ, ಕೀಲಿಯಿಂದ ಬಿಗಿಯುವ ಚಕ್‌ಗೆ ಆರ್ಥರ್ ಜೇಕಬ್ಸ್ ಪೇಟೆಂಟ್ ಪಡೆದದ್ದು 1902ರಲ್ಲಿ. ಪಿಸ್ತೂಲಿನಂಥ ಹಿಡಿ, ಬೆರಳಿಗೆ ಸಿಗುವ ಸ್ವಿಚ್ಚಿನ ಡ್ರಿಲ್ಲಿಗೆ ಬ್ಲ್ಯಾಕ್ ಅಂಡ್ ಡೆಕರ್ ಪೇಟೆಂಟ್ ಪಡೆದದ್ದು 1917ರಲ್ಲಿ. ವೈರ್ ಹಾಕಿ ಓಡಿಸುವ ಸಾಮಾನ್ಯ ಡ್ರಿಲ್ಲಿನ ರಚನೆ ಇವತ್ತಿಗೂ ಹೆಚ್ಚುಕಡಿಮೆ ಅದೇ. ಹಾಗಾಗಿ ಕಂಪನಿಯ ಸ್ಪೇರ್ ನಿಂತುಹೋದರೂ ದಾರಿ ಇದ್ದೇ ಇರುತ್ತದೆ. ಬೇರಿಂಗ್ ಮೇಲೆ 608 ಎಂದಿದ್ದರೆ ಒಳವ್ಯಾಸ 8, ಹೊರವ್ಯಾಸ 22, ಅಗಲ 7 ಮಿ.ಮೀ.; ಯಾರು ತಯಾರಿಸಿದ್ದಾದರೂ ಅಳತೆ ಅದೇ. ಚಕ್ಕಿನ ಥ್ರೆಡ್ಡೋ ಟೇಪರೋ ಗೊತ್ತಾದರೆ ಹೊಸದು ಕೂರುತ್ತದೆ. ಬ್ರಷ್ಷಿಗೆ ಅಳತೆ ಸಾಕು, ಒಂದಿಷ್ಟು ಉಜ್ಜುವ ತಾಳ್ಮೆ ಬೇಕು. ಕೈಯಲ್ಲಿ ಸ್ಯಾಂಪಲ್ ಇರಬೇಕು, ಅಷ್ಟೇ.

ಈಗ ಯಾವುದೇ ಹಳೆಯ ಡ್ರಿಲ್ ಕೈಗೆ ಬಂದರೂ ಬಿಚ್ಚುವ ಮೊದಲು ಫೋಟೋ ತೆಗೆಯುತ್ತೇನೆ. ಯಾವ ಬ್ರಷ್ಷು ಯಾವ ಗೂಡಿನದು, ಅದರ ಬಾಗಿದ ಮುಖ ಯಾವ ಕಡೆಗಿತ್ತು ಎಂದು ಗುರುತು ಹಾಕುತ್ತೇನೆ. ವರ್ನಿಯರ್ ಹಿಡಿದು ಅಳತೆ ಬರೆದಿಡುತ್ತೇನೆ. ಸುಟ್ಟ ಆರ್ಮೇಚರ್ ಇದ್ದರೆ ಒಂದು ತಂತಿಯನ್ನೂ ಮುಟ್ಟದೆ ವೈಂಡಿಂಗಿನವರ ಕೈಗೆ ಕೊಡುತ್ತೇನೆ. ಲೋಹದ ಮೈಯ ಡ್ರಿಲ್ಲಾದರೆ ಅರ್ಥ್ ವೈರ್, ಮೂರು ಪಿನ್ನಿನ ಪ್ಲಗ್ ಸರಿಯಿದೆಯೇ ನೋಡಿ, ಇನ್ಸುಲೇಷನ್ ಅಳೆಯುವ ಮೆಗ್ಗರಿನಲ್ಲಿ ಲೀಕೇಜ್ ಪರೀಕ್ಷೆ ಮಾಡಿಸದೆ ಕರೆಂಟ್ ಕೊಡುವುದಿಲ್ಲ. ನಿಮ್ಮ ಮನೆಯಲ್ಲೂ ಅಂಥದೊಂದು ಡ್ರಿಲ್ ಇದ್ದರೆ, ಹೊಸ ಭಾಗ ಕೂತು ಮರದಲ್ಲೋ ಕಬ್ಬಿಣದಲ್ಲೋ ತೂತು ಕೊರೆದು ನೋಡುವವರೆಗೆ ಹಳೆಯದನ್ನು ಎಸೆಯಬೇಡಿ.