ಕ್ರಾಪು ಮತ್ತು ಕೇಶರಾಗ

ನಮ್ಮ ಹೊಸಪೇಟೆಯು 2021ನೆಯ ಇಸವಿಯಲ್ಲಿ ವಿಜಯನಗರ ಜಿಲ್ಲೆಯ ಮುಖ್ಯಪಟ್ಟಣವಾಯಿತು. ಕಚೇರಿಗಳು ಬಂದವು, ಅಧಿಕಾರಿಗಳು ಬಂದರು. ಅವರ ಬೆನ್ನ ಹಿಂದೆಯೇ ಹೊಸ ತರದ ಕ್ಷೌರಶಾಲೆಗಳೂ ಬಂದವು. ಸ್ಟೇಷನ್ ರಸ್ತೆಯಲ್ಲಿ ಮೊದಲು ‘ಕಟಿಂಗ್ ಶಾಪು’ ಎಂಬ ಹಲಗೆಯ ಕೆಳಗೆ ಎರಡು ಮರದ ಕುರ್ಚಿ, ಒಂದು ಮಸುಕು ಕನ್ನಡಿ, ನಿನ್ನೆಯ ವೃತ್ತಪತ್ರಿಕೆ ಇಷ್ಟಿದ್ದರೆ ಅಂಗಡಿ ನಡೆಯುತ್ತಿತ್ತು. ಈಗ ಗಾಜಿನ ಬಾಗಿಲು, ತಣ್ಣನೆಯ ಗಾಳಿ, ಹೆಂಗಸರಿಗೂ ಗಂಡಸರಿಗೂ ಒಂದೇ ಸೂರು. ಹಳೆಯ ಅಂಗಡಿಯಿಂದ ಹೊಸದಕ್ಕೆ ಬದಲಾಗದೆ ಬಂದಿರುವುದು ಗೋಡೆಯ ಮೇಲಿನ ಪುನೀತ್ ರಾಜಕುಮಾರರ ಪಟವೊಂದೇ.

ಇಂಥದೊಂದು ಅಂಗಡಿಯ ಯಜಮಾನನು ನಮ್ಮ ಹಳೆಯ ಶಿಷ್ಯ. ಎಂಟನೆಯ ತರಗತಿಯಲ್ಲಿ ರಾಮ ಶಬ್ದದ ತೃತೀಯಾ ವಿಭಕ್ತಿಯನ್ನು ದಾಟಲಾರದೆ ನಮ್ಮೆದುರಿಗೆ ತಲೆ ತಗ್ಗಿಸಿ ನಿಲ್ಲುತ್ತಿದ್ದವನು. ಈಗ ತಿಂಗಳಿಗೊಮ್ಮೆ ಅವನೆದುರಿಗೆ ತಲೆ ತಗ್ಗಿಸುವವರು ನಾವು. ಪಟ್ಟಣಿಗರ ತಲೆಯ ಮೇಲೆ ಮುಂದೆ ಏನೇನು ಬರಲಿದೆ ಎಂಬ ಜ್ಞಾನವೆಲ್ಲ ನಮಗೆ ಇವನಿಂದಲೇ ಪ್ರಾಪ್ತವಾದುದು. ಹುಡುಗರಿಗೆ ‘ಫೇಡ್’ ಎಂಬುದು ಇನ್ನೂ ಸಾಕಾಗಿಲ್ಲವಂತೆ. ಕಿವಿಯ ಬಳಿ ಚರ್ಮ ಕಾಣುವಷ್ಟು ಬೋಳಿಸಿ, ಮೇಲೆ ಹೋದಂತೆಲ್ಲ ಕೂದಲು ದಟ್ಟವಾಗುವಂತೆ ಬಿಡುವುದೇ ಫೇಡ್. ಆದರೆ ಈಗೀಗ ನೆತ್ತಿಯ ಮೇಲಿನ ಕೂದಲನ್ನು ಉದ್ದವಾಗಿ ಬಿಡುತ್ತಿದ್ದಾರೆ. ಹುಟ್ಟುಗುಂಗುರಿನವರು ಅದನ್ನು ಮೊದಲಿನಂತೆ ಕಾಯಿಸಿ ನೇರಮಾಡಿಸದೆ ಹಾಗೆಯೇ ಉಳಿಸಿಕೊಳ್ಳುತ್ತಿದ್ದಾರೆ. ಹೆಣ್ಣುಮಕ್ಕಳು ‘ಚಿಟ್ಟೆ’ ಕಟಿಂಗು, ‘ತೋಳ’ದ ಕಟಿಂಗು ಎಂದು ಕೇಳಿಕೊಂಡು ಬರುತ್ತಾರೆ. ಪದರ ಪದರವಾಗಿ ಕತ್ತರಿಸಿ ಮುಖದ ಎರಡು ಬದಿಗೆ ರೆಕ್ಕೆಗಳಂತೆ ಇಳಿಬಿಟ್ಟರೆ ಚಿಟ್ಟೆ; ಮೇಲೆ ಗಿಡ್ಡವಾಗಿ ಕೆದರಿ ಹಿಂದೆ ಉದ್ದವಾಗಿ ಉಳಿದರೆ ತೋಳ.

ಈ ಹೆಸರುಗಳನ್ನು ಕೇಳಿ ಹಿರಿಯರು ಮೂಗುಮುರಿಯುವುದುಂಟು. ನಮಗೆ ನಗು ಬಂದಿತೇ ಹೊರತು ಬೇಸರವಾಗಲಿಲ್ಲ. ಬಾಲಕರ ಕಪೋಲಗಳ ಪಕ್ಕದಲ್ಲಿ ಜೋಲುವ ಕೂದಲಿಗೆ ನಮ್ಮ ಪೂರ್ವಿಕರು ‘ಕಾಕಪಕ್ಷ’ವೆಂದು, ಅಂದರೆ ಕಾಗೆಯ ರೆಕ್ಕೆಯೆಂದು, ಹೆಸರಿಟ್ಟಿದ್ದರು; ವಿಶ್ವಾಮಿತ್ರನ ಹಿಂದೆ ಕಾಡಿಗೆ ಹೊರಟ ಬಾಲರಾಮನಿಗೆ ಇದ್ದುದು ಅದೇ. ಕಾಗೆ ಸಲ್ಲುವುದಾದರೆ ಚಿಟ್ಟೆ ಮಾಡಿದ ಪಾಪವೇನು? ಇನ್ನು ಸುತ್ತಲೂ ಬೋಳಿಸಿ ನಡುವೆ ಬಿಡುವ ಪದ್ಧತಿಯನ್ನು ನಮ್ಮ ಅಜ್ಜಂದಿರ ಕಾಲದಲ್ಲಿ ಜುಟ್ಟು ಎನ್ನುತ್ತಿದ್ದರು. ಅದನ್ನು ಕಂಡು ನಕ್ಕು ಕ್ರಾಪು ಬಿಡಿಸಿಕೊಂಡವರ ಮರಿಮಕ್ಕಳು ಇಂದು ಹಣ ತೆತ್ತು ಕಿವಿಯ ಮೇಲೆ ಕತ್ತಿಯಾಡಿಸಿಕೊಳ್ಳುತ್ತಿದ್ದಾರೆ.

ಹೊಸಪೇಟೆಯಿಂದ ಹಂಪಿಯು ಮೂರು ಹರಿದಾರಿಯೂ ಇಲ್ಲ. ಹಜಾರರಾಮ ದೇವಸ್ಥಾನದ ಪ್ರಾಕಾರದ ಗೋಡೆಯನ್ನೂ ಮಹಾನವಮಿ ದಿಬ್ಬದ ಕಲ್ಲುಗಳನ್ನೂ ಸಾವಧಾನವಾಗಿ ನೋಡಿದವರಿಗೆ ತುರುಬಿನ ವೈಚಿತ್ರ್ಯ ಎಷ್ಟೆಂಬುದು ತಿಳಿದೀತು. ನರ್ತಕಿಯ ಮುಡಿ ಒಂದು ಬಗೆ, ಬೇಟೆಯವನ ಗಂಟು ಇನ್ನೊಂದು ಬಗೆ. ದೊರೆಗಳು ಮಾತ್ರ ಎತ್ತರದ ಕುಲಾವಿಯೊಳಗೆ ಕೂದಲನ್ನು ಅಡಗಿಸಿಬಿಡುತ್ತಿದ್ದರು. ತಿರುಮಲೆಯಲ್ಲಿ ಇಬ್ಬರು ರಾಣಿಯರೊಡನೆ ಕೈಮುಗಿದು ನಿಂತಿರುವ ಕೃಷ್ಣದೇವರಾಯನ ಲೋಹಪ್ರತಿಮೆಯನ್ನು ನೋಡಿದವರಿಗೆ ಇದು ಗೊತ್ತು.

ಇಲ್ಲಿಯ ಕ್ಷೌರಿಕರ ಕೀರ್ತಿಯೂ ಸಾಮಾನ್ಯವಾದುದಲ್ಲ. ಸದಾಶಿವರಾಯನು ಪಟ್ಟದಲ್ಲಿದ್ದ ಕಾಲಕ್ಕೆ, ಹದಿನಾರನೆಯ ಶತಮಾನದ ನಡುವಿನಲ್ಲಿ, ರಾಜ್ಯವನ್ನು ನಿಜವಾಗಿ ಆಳುತ್ತಿದ್ದವನು ಅಳಿಯ ರಾಮರಾಯ. ಬಾದಾಮಿಯ ಕೊಂಡೋಜನೆಂಬ ಕ್ಷೌರಿಕನ ಕೈಚಳಕಕ್ಕೆ ಮೆಚ್ಚಿ ಅವನು ಕ್ಷೌರಿಕರ ಮೇಲಿದ್ದ ತೆರಿಗೆಯನ್ನು ಮನ್ನಾ ಮಾಡಿಸಿದನು. ಆ ಸಂಗತಿಯನ್ನು ಕಲ್ಲಿನಲ್ಲಿ ಕೊರೆಯಿಸಿದರು. ಕೊಂಡೋಜನು ತನ್ನೊಬ್ಬನಿಗೆ ಮಾನ್ಯವನ್ನು ಪಡೆದು ಸುಮ್ಮನಾಗಲಿಲ್ಲ, ಕುಲಕಸುಬಿನವರೆಲ್ಲರಿಗೂ ಆ ಮೆಚ್ಚುಗೆಯ ಫಲ ಸಂದಿತು ಎಂಬುದೇ ಇಲ್ಲಿ ದೊಡ್ಡ ಮಾತು. 1565ರಲ್ಲಿ ರಕ್ಕಸತಂಗಡಿಯ ಕಾಳಗದಲ್ಲಿ ರಾಮರಾಯನ ತಲೆಯೇ ಹೋಯಿತು, ಶಾಸನ ಉಳಿಯಿತು. ನಮ್ಮ ಕಾಲದಲ್ಲಿ 2025ರ ಸೆಪ್ಟೆಂಬರ್ 22ರಿಂದ ಸಲೂನುಗಳ ಜಿ.ಎಸ್.ಟಿ.ಯನ್ನು ನೂರಕ್ಕೆ 18ರಿಂದ 5ಕ್ಕೆ ಇಳಿಸಿದ್ದಾರೆ. ಈ ವೃತ್ತಾಂತಗಳೆರಡನ್ನೂ ಹೇಳಿದಾಗ ನಮ್ಮ ಶಿಷ್ಯನು ಕತ್ತರಿಯನ್ನು ತಡೆದು, “ಹಂಗಾದ್ರ ಆ ಕೊಂಡೋಜಪ್ಪನ ಫೋಟೋನೂ ಒಂದು ಇಲ್ಲಿ ಹಾಕಬೇಕು ಸಾರ್” ಎಂದನು.

ಕತ್ತರಿಯ ಮಾತು ಇಷ್ಟು ಸಾಕು. ಕತ್ತರಿಸಿದ್ದು ಎರಡು ತಿಂಗಳಲ್ಲಿ ಬೆಳೆಯುತ್ತದೆ. ಅದಕ್ಕಾಗಿ ಮನೆಯಲ್ಲಿ ಕದನವಾಗಬೇಕಾದುದಿಲ್ಲ. ಕದನವಾಗುವುದು ಬಣ್ಣದಿಂದ.

ನಮ್ಮ ಭಾವಮೈದುನನು ಕಂಪ್ಲಿಯಲ್ಲಿ ಬತ್ತದ ವ್ಯಾಪಾರ ಮಾಡಿಕೊಂಡಿದ್ದಾನೆ. ಅವನ ಮಗಳು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವವಳು ಕಳೆದ ದೀಪಾವಳಿಗೆ ಬಂದಾಗ ಜಡೆಯ ಕೆಳಗಿನ ಅರ್ಧವು ಜೇನಿನ ಬಣ್ಣಕ್ಕೆ ತಿರುಗಿತ್ತು. ತಂದೆಯು ಉಗ್ರನರಸಿಂಹನಾದನು. ಗಂಡಿನ ಕಡೆಯವರು ನೋಡಲು ಬರುವ ಸಮಯ, ಮರ್ಯಾದಸ್ಥರ ಮನೆಯ ಹುಡುಗಿ, ಊರಿನ ನಾಲ್ಕು ಜನ ಏನೆಂದಾರು ಎಂದು ನಡುಮನೆಯಲ್ಲಿ ನಿಂತು ಕೂಗಾಡಿದನು. ಹುಡುಗಿ ಎಲ್ಲವನ್ನೂ ಕೇಳಿ, “ಅಪ್ಪಾ, ನಂದೂ ಬಣ್ಣ, ನಿಂದೂ ಬಣ್ಣ. ನೀನು ವಯಸ್ಸು ಮುಚ್ಚಾಕ ಹಚ್ಚಿಕೊಂತಿ, ನಾನು ಏನನ್ನೂ ಮುಚ್ಚಾಕ ಹಚ್ಚಿಲ್ಲ. ನೀವೇ ಹೇಳ್ರಿ ಮಾವ” ಎಂದಳು. ಭಾವಮೈದುನನಿಗೆ ಐವತ್ತೆಂಟು ವರ್ಷ; ಮೀಸೆಯೂ ತಲೆಯೂ ಕಾಡಿಗೆಯಂತೆ ಕಪ್ಪು. ಆ ಮನೆಯಲ್ಲಿ ನಮಗಿನ್ನೂ ಊಟ ಬಡಿಸಿರಲಿಲ್ಲವಾದ ಕಾರಣ ನಾವು ಬಾಯಿ ತೆರೆಯಲಿಲ್ಲ.

ಆದರೆ ಹುಡುಗಿಯ ಮಾತು ಮನಸ್ಸಿನಲ್ಲಿ ಉಳಿಯಿತು. ಜೇನಿನ ಬಣ್ಣವಾದರೆ ಶೋಕಿ, ಕಪ್ಪಾದರೆ ಮರ್ಯಾದೆ ಎಂಬ ಈ ಶಾಸ್ತ್ರವನ್ನು ಬರೆದವರಾರು? ಕೂದಲಿಗೆ ಮುಪ್ಪಿನಿಂದ ಬರುವ ಬಿಳುಪಿಗೆ ‘ಪಲಿತ’ವೆಂದು ಅಮರಕೋಶವು ಹೆಸರು ಹೇಳುತ್ತದೆ, ಅದು ದೋಷವೆಂದು ಹೇಳುವುದಿಲ್ಲ. ಆದರೂ ಪಲಿತವನ್ನು ಮರೆಸುವ ಆಸೆ ಹೊಸದಲ್ಲ. ಆರನೆಯ ಶತಮಾನದ ವರಾಹಮಿಹಿರನು ಗ್ರಹಗತಿಗಳನ್ನು ಹೇಳುವ ತನ್ನ ಬೃಹತ್ಸಂಹಿತೆಯಲ್ಲಿಯೇ, ನರೆತ ತಲೆಯವನಿಗೆ ಹೂವು ಗಂಧ ಒಡವೆಗಳು ಶೋಭಿಸವೆಂದು ಪೀಠಿಕೆ ಹಾಕಿ ಕೇಶರಾಗದ ವಿಧಾನವನ್ನು ಕೊಟ್ಟಿದ್ದಾನೆ. ಕಬ್ಬಿಣದ ಪಾತ್ರೆಯಲ್ಲಿ ಹಾರಕದ ಅಕ್ಕಿಯನ್ನು ಕಬ್ಬಿಣದ ಪುಡಿಯೊಡನೆ ಹುಳಿಯಲ್ಲಿ ಬೇಯಿಸಿ, ನುಣ್ಣಗೆ ಅರೆದು ತಲೆಗೆ ಬಳಿದು, ಹಸಿ ಎಲೆಗಳನ್ನು ಸುತ್ತಿಕೊಂಡು ಎರಡು ಜಾವ ಕುಳಿತಿರಬೇಕು. ಅನಂತರ ಅದನ್ನು ತೆಗೆದು ನೆಲ್ಲಿಕಾಯಿಯ ಲೇಪವನ್ನು ಹಾಕಿ ಮತ್ತೆ ಎಲೆ ಸುತ್ತಿ ಮತ್ತೆರಡು ಜಾವ. ಕಡೆಗೆ ತೊಳೆದರೆ ಕೂದಲು ಕಪ್ಪು. ಕಬ್ಬಿಣದ ಮತ್ತು ಹುಳಿಯ ನಾತವನ್ನು ಕಳೆಯುವುದಕ್ಕೆ ಬೇರೆ ಸುಗಂಧಗಳುಂಟು. ಒಟ್ಟು ಹನ್ನೆರಡು ಗಂಟೆ! ಅಷ್ಟು ಹೊತ್ತು ತಲೆಗೆ ಎಲೆ ಕಟ್ಟಿಕೊಂಡು ಕೂರುವ ವ್ಯವಧಾನ ಇರುವವನಿಗೆ ಬಿಳಿಯ ಕೂದಲು ಒಂದು ಚಿಂತೆಯಾದೀತೇ ಎಂದು ನಮಗೆ ಅನ್ನಿಸಿದ್ದುಂಟು.

ವಿಧಾನದ ಒಳಗುಟ್ಟು ಮಾತ್ರ ಸತ್ಯವಾದುದು. ನೆಲ್ಲಿಕಾಯಿಯ ಒಗರು ಕಬ್ಬಿಣದೊಡನೆ ಕೂಡಿದರೆ ಕಡುಗಪ್ಪಾಗುತ್ತದೆ. ಅಳಲೆಕಾಯಿಗೆ ಅನ್ನಭೇದಿ ಹಾಕಿ ಹಿಂದೆ ಬರೆಯುವ ಮಸಿಯನ್ನು ಮಾಡುತ್ತಿದ್ದುದೂ ಇದೇ ನ್ಯಾಯದಿಂದ. ನಮ್ಮ ಮನೆಯಾಕೆ ಮದರಂಗಿಯ ಪುಡಿಗೆ ನೆಲ್ಲಿಪುಡಿಯನ್ನು ಬೆರೆಸಿ ಚಹದ ಕಷಾಯದಲ್ಲಿ ಕಲಸಿ ರಾತ್ರಿಯೆಲ್ಲ ಕಬ್ಬಿಣದ ಬಾಣಲೆಯಲ್ಲಿಡುವುದನ್ನು ವರಾಹಮಿಹಿರನು ಕಂಡಿದ್ದರೆ ತಲೆದೂಗುತ್ತಿದ್ದನು.

ಕಬ್ಬಿಣಕ್ಕೆ ನಮ್ಮ ಸೀಮೆಯಲ್ಲಿ ಬರವಿಲ್ಲ. ಸಂಡೂರಿನ ಗುಡ್ಡಗಳೆಲ್ಲ ಅದೇ. ಅದಿರಿನ ಲಾರಿಗಳು ಹಗಲಿರುಳೂ ಓಡಿದ ವರ್ಷಗಳಲ್ಲಿ, 2011ರ ಜುಲೈ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯುವವರೆಗೂ, ಆ ದಾರಿಯ ಮಕ್ಕಳು ಶಾಲೆಗೆ ಬರುವಾಗ ಹುಬ್ಬಿನಿಂದ ನೆತ್ತಿಯವರೆಗೆ ಕೆಂಪಾಗಿರುತ್ತಿದ್ದರು. ಹಾಜರಿ ಹಿಡಿಯುವಾಗ ತಲೆ ಕೊಡವಿದರೆ ಪುಸ್ತಕದ ಮೇಲೆ ಕೆಂಧೂಳು ಬೀಳುತ್ತಿತ್ತು. ಮನೆಯವರು ತಲೆಗೆ ಎಷ್ಟು ನೀರು ಹೊಯ್ದರೂ ಬಚ್ಚಲಲ್ಲಿ ಹರಿಯುವುದು ಕೆಂಪೇ. ಇಂದು ಬೆಂಗಳೂರಿನಲ್ಲಿ ಸಾವಿರಾರು ರೂಪಾಯಿ ತೆತ್ತು ಹಚ್ಚಿಸಿಕೊಳ್ಳುವ ತಾಮ್ರವರ್ಣವನ್ನು ಆ ಮಕ್ಕಳು ಕೇಳದೆಯೇ ಪಡೆದಿದ್ದರು. ಅವರ ಕೆಮ್ಮನ್ನು ಕೇಳಿದ ನಮಗೆ ಆ ಬಣ್ಣವನ್ನು ಎಲ್ಲಿ ಕಂಡರೂ ಅದೇ ನೆನಪಾಗುತ್ತದೆ.

ಇನ್ನು ಗೃಹಿಣಿಯರು ಲಕ್ಷ್ಯವಿಟ್ಟು ಓದತಕ್ಕ ವಿಷಯ. ಮದರಂಗಿಯು ತಾನಾಗಿ ಕೊಡುವುದು ಕೆಂಪನ್ನೇ. ಅರ್ಧ ಗಂಟೆಯಲ್ಲಿ ಕಪ್ಪು ಬರಿಸುವ ‘ಕಪ್ಪು ಮದರಂಗಿ’ಯೆಂಬುದರಲ್ಲಿ ಬೇರೊಂದು ವಸ್ತುವಿರುತ್ತದೆ. ಪ್ಯಾರಾಫಿನೈಲೀನ್‌ಡೈಅಮೀನ್ ಎಂದು ಅದರ ಹೆಸರು. ಪೊಟ್ಟಣದ ಹಿಂದೆ ಇರುವೆಯಂಥ ಅಕ್ಷರಗಳಲ್ಲಿ ಪಿ.ಪಿ.ಡಿ. ಎಂದು ಅಚ್ಚಾಗಿರುವುದುಂಟು. ಬಹಳ ಜನರಿಗೆ ಇದು ಏನೂ ಮಾಡುವುದಿಲ್ಲ. ಕೆಲವರಿಗೆ ಹತ್ತು ವರ್ಷ ಸುಮ್ಮನಿದ್ದು ಹನ್ನೊಂದನೆಯ ವರ್ಷ ಕೆರಳುತ್ತದೆ. ನಮ್ಮ ಭಾವಮೈದುನನಿಗೆ ಆದದ್ದು ಹಾಗೆಯೇ. ಮಗಳ ನಿಶ್ಚಿತಾರ್ಥಕ್ಕೆ ಎರಡು ದಿನವಿರುವಾಗ ಮಾಮೂಲಿನಂತೆ ಹಚ್ಚಿಕೊಂಡನು. ಮರುದಿನ ಬೆಳಗ್ಗೆ ನೆತ್ತಿಯಲ್ಲಿ ನೀರುಗುಳ್ಳೆ, ಕಣ್ಣುಗಳೆರಡೂ ಬಾತು ಮುಚ್ಚಿಹೋಗಿದ್ದವು. ಉಸಿರಿಗೂ ಕಷ್ಟವಾಗಿ ರಾತ್ರಿಯಲ್ಲಿ ಹೊಸಪೇಟೆಗೆ ಕರೆತರಬೇಕಾಯಿತು. ಇನ್ನು ಜನ್ಮದಲ್ಲಿ ಇದನ್ನು ಮುಟ್ಟಕೂಡದೆಂದು ವೈದ್ಯರು ಹೇಳಿ ಕಳುಹಿಸಿದರು. ಒಮ್ಮೆ ಮೈಗೆ ಒಗ್ಗದೆ ಹೋದರೆ ಮರಳಿ ಒಗ್ಗುವುದು ಅಪರೂಪವಂತೆ. ಆದುದರಿಂದ ಹಚ್ಚುವವರು ಪ್ರತಿಸಾರಿಯೂ ಕಿವಿಯ ಹಿಂದೆಯೋ ಮೊಣಕೈಯ ಒಳಮಡಿಕೆಯಲ್ಲಿಯೋ ಒಂದು ತೊಟ್ಟು ಹಚ್ಚಿ 48 ಗಂಟೆ ಕಾಯಬೇಕು. ತುರಿಕೆ, ಕೆಂಪು, ಬಾವು ಕಂಡರೆ ಪೊಟ್ಟಣವನ್ನು ಎಸೆಯಬೇಕು. ಹುಬ್ಬಿಗೂ ರೆಪ್ಪೆಗೂ ಯಾವಾಗಲೂ ಸಲ್ಲದು.

ಬಣ್ಣವನ್ನೇ ಬಿಟ್ಟುಬಿಡಿರೆಂದು ಎಲ್ಲರಿಗೂ ಉಪದೇಶಿಸಲು ನಮಗೆ ಬಾಯಿ ಬರುವುದಿಲ್ಲ. ನಮ್ಮ ಬೀದಿಯ ಲಾರಿ ಚಾಲಕನೊಬ್ಬನು ಪ್ರತಿ ತಿಂಗಳೂ ತಪ್ಪದೆ ಹಚ್ಚುತ್ತಾನೆ. “ತಲಿ ಬೆಳ್ಳಗಾದ್ರ ಮಾಲಕ ಗಾಡಿ ಕೊಡಂಗಿಲ್ಲ ಸಾರ್” ಎಂದನು. ಪಿಂಚಣಿಯ ನೆರಳಿನಲ್ಲಿ ಕುಳಿತು ನರೆಯನ್ನು ಗೌರವಿಸುವುದು ನಮಗೆ ಸುಲಭ. ಅವನ ಕಪ್ಪು ಶೋಕಿಯಲ್ಲ, ಕೂಲಿ.

ಮುಂಬರುವ ರೂಢಿಗಳಲ್ಲಿ ನಮ್ಮ ಶಿಷ್ಯನು ಹೇಳಿದ ಎರಡು ಸಂಗತಿಗಳು ಸ್ವಾರಸ್ಯವಾಗಿವೆ. ಒಂದು, ಬೇರೆಯವರ ಕೂದಲನ್ನು ಜೋಡಿಸಿಕೊಳ್ಳುವುದು. ತಲೆ ಬಾಚುವಾಗ ಉದುರಿದ ಕೂದಲನ್ನು ಉಂಡೆ ಮಾಡಿ ಗೋಡೆಯ ಸಂದಿನಲ್ಲಿ ಸಿಕ್ಕಿಸಿಟ್ಟು, ಬೀದಿಯಲ್ಲಿ ಕೂಗಿಕೊಂಡು ಬರುವವನಿಗೆ ಕೊಟ್ಟು ಪಾತ್ರೆಯನ್ನೋ ಪಿನ್ನನ್ನೋ ಪಡೆಯುವುದು ನಮ್ಮ ಕಡೆಯ ಹೆಂಗಸರಿಗೆ ಹೊಸದಲ್ಲ. ಆ ಉಂಡೆಗಳು ಕೊಪ್ಪಳದ ಪಕ್ಕದ ಭಾಗ್ಯನಗರವನ್ನು ಸೇರುತ್ತವೆ. ಅಲ್ಲಿಯ ಹೆಣ್ಣುಮಕ್ಕಳು ಎಳೆ ಎಳೆಯಾಗಿ ಸಿಕ್ಕು ಬಿಡಿಸಿ ಅಳತೆಗನುಸಾರವಾಗಿ ಕಂತೆ ಕಟ್ಟಿದ ಮೇಲೆ ಚೀನಾ ಮೊದಲಾದ ದೇಶಗಳಿಗೆ ಹೋಗುತ್ತವೆ. ಹೊಸಪೇಟೆಯ ಅಜ್ಜಿಯ ಬಾಚಣಿಗೆಯ ಕೂದಲು ಯಾವ ನಗರದ ಯಾವ ಸುಂದರಿಯ ತಲೆಯ ಮೇಲಿದೆಯೋ!

ಎರಡನೆಯದು, ಬಿಳಿಯ ಕೂದಲನ್ನು ಬಿಳಿಯಾಗಿಯೇ ಬಿಡುವುದು. 2020ರ ಮಾರ್ಚಿಯಲ್ಲಿ ಲಾಕ್‌ಡೌನ್ ಬಂದು ಸಲೂನುಗಳು ಮುಚ್ಚಿದಾಗ ಅನೇಕರ ತಲೆಗಳು ತಮ್ಮ ನಿಜವಾದ ಬಣ್ಣಕ್ಕೆ ಬಂದವು. ಬಾಗಿಲು ತೆರೆದ ಮೇಲೆಯೂ ಕೆಲವು ಹೆಂಗಸರು ಮರಳಿ ಹಚ್ಚಲಿಲ್ಲ. ಈಗ ನಲವತ್ತರ ಪ್ರಾಯದವರು ನರೆಯನ್ನು ಮುಚ್ಚದೆ ಅದಕ್ಕೆ ಒಪ್ಪುವಂತೆ ಗಿಡ್ಡವಾಗಿ ಕತ್ತರಿಸಿಕೊಳ್ಳಲು ಬರುತ್ತಿದ್ದಾರಂತೆ. ಎಳ್ಳೂ ಅಕ್ಕಿಯೂ ಬೆರೆತರೂ ಒಂದೊಂದೂ ಬೇರೆಯಾಗಿ ಕಾಣುವುದಕ್ಕೆ ತಿಲತಂಡುಲ ನ್ಯಾಯವೆನ್ನುತ್ತೇವೆ. ತರಗತಿಯಲ್ಲಿ ಮೂವತ್ತು ವರ್ಷ ಇದಕ್ಕೆ ದೃಷ್ಟಾಂತ ಹುಡುಕಿದ್ದೆವು, ಸಿಕ್ಕಿದ್ದು ಸಲೂನಿನಲ್ಲಿ.

ಹುಡುಗಿಯ ಮದುವೆ ಕಂಪ್ಲಿಯಲ್ಲಿ ನಡೆಯಿತು. ಗಂಡಿನ ಕಡೆಯವರು ಜೇನಿನ ಬಣ್ಣವನ್ನು ನೋಡಿಯೂ ಒಂದು ಮಾತು ಆಡಲಿಲ್ಲ. ಅವರ ಮನೆಯ ಇಬ್ಬರು ಸೊಸೆಯರಿಗೂ ಅದೇ ಬಣ್ಣವಿತ್ತು. ಭಾವಮೈದುನನು ಬಿಳಿಯ ತಲೆ ಬಿಳಿಯ ಮೀಸೆಯಲ್ಲಿ ಕುಳಿತು ಧಾರೆಯೆರೆದನು. ತಿಂಗಳ ತರುವಾಯ ಛಾಯಾಚಿತ್ರಗಳ ಪುಸ್ತಕ ಬಂದಿತು. ಚಿತ್ರಗಾರನು ಯಾರನ್ನೂ ಕೇಳದೆ ತನ್ನ ಯಂತ್ರದಲ್ಲಿ ವಧುವಿನ ತಂದೆಯ ತಲೆಯನ್ನೂ ಮೀಸೆಯನ್ನೂ ಕಪ್ಪುಮಾಡಿ, ವಧುವಿನ ಜೇನಿನ ಬಣ್ಣವನ್ನು ಮತ್ತಷ್ಟು ಹೊಳೆಯಿಸಿದ್ದಾನೆ. ಅವಸರದಲ್ಲಿ ಹುಬ್ಬುಗಳನ್ನು ಮಾತ್ರ ಮರೆತಿದ್ದಾನೆ. ಅವು ಪ್ರತಿ ಪುಟದಲ್ಲಿಯೂ ಬೆಳ್ಳಗೆ ಉಳಿದಿವೆ.