ಸ್ಟೇರಿಂಗ್ ಇಲ್ಲದ ಸೀಟಲ್ಲಿ ಅಪ್ಪ

ಜರ್ಮನಿಯಲ್ಲಿ ಹೊಸ ಕಾರು ಬುಕ್ ಮಾಡಿದವರು ಅದನ್ನು ಶೋರೂಮಿನಲ್ಲೇ ತಗೋಬೇಕು ಅಂತೇನಿಲ್ಲ. ಬೇಕಿದ್ದರೆ ಕಾರ್ಖಾನೆಗೇ ಹೋಗಿ, ಬೀಗದ ಕೈ ಇಸಕೊಂಡು, ಅಲ್ಲಿಂದಲೇ ಓಡಿಸಿಕೊಂಡು ಬರಬಹುದು. ಇಲ್ಲಿನ ಎಷ್ಟೋ ಮನೆಯವರಿಗೆ ಇದೊಂದು ಸಣ್ಣ ಹಬ್ಬ. ಮಕ್ಕಳು, ಅಜ್ಜ-ಅಜ್ಜಿ ಎಲ್ಲ ರೈಲಿನಲ್ಲಿ ಹೋಗಿ ಹೊಸ ಕಾರಿನಲ್ಲಿ ವಾಪಸ್ ಬರ್ತಾರೆ. ನಾನೂ ನನ್ನ ಗಂಡನೂ ಫೋಕ್ಸ್‌ವ್ಯಾಗನ್ ಗಾಲ್ಫ್ ಬುಕ್ ಮಾಡಿದ ಹೊತ್ತಿಗೆ ಊರಿನಿಂದ ಅಪ್ಪ ಅಮ್ಮನ ವೀಸಾನೂ ಬಂತು. ಸರಿ, ನಾಲ್ಕು ಜನ ಒಟ್ಟಿಗೇ ಹೋಗಿ ತರೋಣ ಅಂತ ತೀರ್ಮಾನ ಮಾಡಿದೆವು. ನಾವಿರುವುದು ದಕ್ಷಿಣದ ಸ್ಟುಟ್‌ಗಾರ್ಟ್ ಹತ್ತಿರ. ಕಾರು ಸಿಗುವುದು ಉತ್ತರದ ವೋಲ್ಫ್ಸ್‌ಬರ್ಗ್‌ನಲ್ಲಿ. ಬರುವಾಗ ಅರ್ಧ ಜರ್ಮನಿ ನೋಡಿದಂಗೂ ಆಗುತ್ತೆ.

ಇದರಲ್ಲಿ ನಮ್ಮಪ್ಪನ ವಿಷಯ ಸ್ವಲ್ಪ ಹೇಳಬೇಕು. ನಮ್ಮೂರು ದಾಬಸ್‌ಪೇಟೆ. ಬೆಂಗಳೂರಿನಿಂದ ತುಮಕೂರಿಗೆ ಹೋಗಿಬಂದವರಿಗೆಲ್ಲ ಗೊತ್ತಿರುತ್ತೆ. ಎಡಕ್ಕೆ ಶಿವಗಂಗೆ ಬೆಟ್ಟ, ಬಲಕ್ಕೆ ದೊಡ್ಡಬಳ್ಳಾಪುರದ ರಸ್ತೆ. ಅಪ್ಪ ಈ ಹೈವೇಯಲ್ಲಿ 28 ವರ್ಷ ಲಾರಿ ಓಡಿಸಿದವರು. ಬೆಂಗಳೂರಿನಿಂದ ಪುಣೆ, ಪುಣೆಯಿಂದ ಬೆಂಗಳೂರು. ರಸ್ತೆ ನಾಲ್ಕು ಪಥ ಆಗಿದ್ದು, ಎನ್‌ಎಚ್ 4 ಹೋಗಿ ಎನ್‌ಎಚ್ 48 ಆಗಿದ್ದು ಎಲ್ಲ ಅವರ ಕಣ್ಣೆದುರೇ. ಅಷ್ಟು ವರ್ಷದಲ್ಲಿ ಓಡಿಸಿದ ಲಾರಿಗಳಲ್ಲಿ ಒಂದೂ ಅವರ ಹೆಸರಲ್ಲಿರಲಿಲ್ಲ. ನಮ್ಮನೆಯ ಸ್ವಂತ ವಾಹನ ಅಂದ್ರೆ ಒಂದು ಟಿವಿಎಸ್ ಮೊಪೆಡ್ ಅಷ್ಟೇ.

ನನಗೆ ಮಾತ್ರ ಅಪ್ಪ ಡ್ರೈವಿಂಗ್ ಕಲಿಸಲಿಲ್ಲ. ಕೇಳಿದಾಗಲೆಲ್ಲ, "ಮನೇಗೊಬ್ಬ ಡ್ರೈವರ್ ಸಾಕು. ನೀನು ಓದ್ಕೋ" ಅನ್ನೋರು. ಓದಿದೆ. ಇಂಜಿನಿಯರಿಂಗ್ ಮುಗಿಸಿ, ಬೆಂಗಳೂರಲ್ಲಿ ನಾಲ್ಕು ವರ್ಷ ಕೋಡ್ ಬರೆದು, ಇಲ್ಲಿಗೆ ಬಂದೆ. ಭಾರತದ ಲೈಸೆನ್ಸ್ ಇದ್ದವರಿಗೂ ಇಲ್ಲಿ ವಾಸಕ್ಕೆ ಬಂದ ಆರು ತಿಂಗಳಷ್ಟೇ ಅದು ನಡೆಯುತ್ತೆ. ಆಮೇಲೆ ಇಲ್ಲಿನ ಥಿಯರಿ, ಪ್ರಾಕ್ಟಿಕಲ್ ಎರಡೂ ಪಾಸಾಗಬೇಕು. ನನ್ನ ಹತ್ತಿರ ಅದೂ ಇರಲಿಲ್ಲವಲ್ಲ, ಹಾಗಾಗಿ ಅ ಆ ಇ ಈಯಿಂದಲೇ ಶುರು. ಕಣ್ಣಿನ ಪರೀಕ್ಷೆ, ಪ್ರಥಮ ಚಿಕಿತ್ಸೆಯ ತರಬೇತಿ, ಮಾಮೂಲಿ ಕ್ಲಾಸುಗಳ ಮೇಲೆ ಊರಾಚೆ ರಸ್ತೆಯಲ್ಲಿ ಐದು, ಆಟೊಬಾನ್‌ನಲ್ಲಿ ನಾಲ್ಕು, ಕತ್ತಲಲ್ಲಿ ಮೂರು ಕಡ್ಡಾಯ ಪಾಠ. ಫೋನಲ್ಲಿ ಇದನ್ನು ಹೇಳಿದಾಗ ಅಪ್ಪ ಹಿಡಿದಿದ್ದು ಕೊನೆಯದನ್ನೇ: "ರಾತ್ರಿ ಓಡ್ಸೋದನ್ನೂ ಕಲಿಸ್ತಾರಾ? ನಂಗ್ಯಾರೂ ಕಲಿಸ್ಲಿಲ್ಲ. ಮೊದಲ್ನೇ ದಿನಾನೇ ರಾತ್ರಿ ಡ್ಯೂಟಿಗೆ ಹಾಕಿದ್ರು."

ಕಾರು ತರೋಕೆ ಹೋಗುವಾಗ ನಂಬರ್ ಪ್ಲೇಟನ್ನು ನಾವೇ ಬ್ಯಾಗಲ್ಲಿ ಇಟ್ಕೊಂಡು ಹೋದೆವು. ಮೊದಲೇ ನಮ್ಮ ಊರಿನ ಕಚೇರಿಯಲ್ಲಿ ನೋಂದಣಿ ಮಾಡಿಸಿ, ಪ್ಲೇಟಿಗೆ ಮುದ್ರೆ ಹಾಕಿಸಿಕೊಂಡಿದ್ದಾಗಿತ್ತು. ಜಿಲ್ಲೆಯ ಅಕ್ಷರ ಬದಲಾಗಲ್ಲ. ಅದರ ಮುಂದಿನ ಅಕ್ಷರ, ಅಂಕಿಯನ್ನು ಸ್ವಲ್ಪ ದುಡ್ಡು ಕೊಟ್ಟು ನಮಗೆ ಬೇಕಾದ್ದು ಆರಿಸಬಹುದು. ನಾನು ಹುಡುಕಿದಾಗ ಕೆಎ 52 ಖಾಲಿ ಇತ್ತು. ನಮ್ಮ ನೆಲಮಂಗಲ ಆರ್‌ಟಿಒ ನಂಬರ್! ರೈಲಿನಲ್ಲಿ ಬ್ಯಾಗ್ ತೆಗೆದು ತೋರಿಸಿದೆ. ಅಪ್ಪ ಪ್ಲೇಟನ್ನು ತೊಡೆ ಮೇಲಿಟ್ಕೊಂಡು ತುಂಬಾ ಹೊತ್ತು ಸುಮ್ಮನಿದ್ದರು. ಅಮ್ಮನೇ, "ಊರ ನಂಬರ್ರೇ ಹಾಕ್ಸವ್ಳೆ ನೋಡು" ಅಂದಳು.

ವೋಲ್ಫ್ಸ್‌ಬರ್ಗ್‌ನಲ್ಲಿ ಕಾರ್ಖಾನೆಯ ಪಕ್ಕದಲ್ಲೇ ಆಟೋಸ್ಟಾಟ್ ಅಂತ ಒಂದು ದೊಡ್ಡ ಜಾಗ ಇದೆ, 2000ನೇ ಇಸವಿಯಲ್ಲಿ ಶುರುವಾಗಿದ್ದು. ಅಲ್ಲಿ ಎರಡು ಗಾಜಿನ ಗೋಪುರ. ಒಂದೊಂದೂ 48 ಮೀಟರ್ ಎತ್ತರ, 20 ಅಂತಸ್ತು. ಒಂದೊಂದರಲ್ಲಿ 400 ಕಾರು ನಿಲ್ಲುತ್ತವೆ. ಕಾರ್ಖಾನೆಯಿಂದ ನೆಲದಡಿಯ ಸುರಂಗದಲ್ಲಿ ಬಂದ ಕಾರನ್ನು ಯಂತ್ರದ ಕೈ ಎತ್ತಿ ಗೂಡಿಗೆ ಸೇರಿಸುತ್ತೆ. ನಮ್ಮ ಸರದಿ ಬಂದಾಗ ಅದೇ ಕೈ ಮತ್ತೆ ಇಳಿಸಿ ಕೊಡುತ್ತೆ. ಅಪ್ಪ ಕತ್ತೆತ್ತಿ ನೋಡಿ, "ಕೋಳಿ ಫಾರಂ ಇದ್ದಂಗೈತೆ" ಅಂದ್ರು. ನಕ್ಕು ಸಾಕಾಯ್ತು.

ಅಮ್ಮ ಊರಿಂದಲೇ ಅರಿಶಿನ ಕುಂಕುಮ ತಂದಿದ್ದಳು. ನಿಂಬೆಹಣ್ಣು ಇಲ್ಲಿಯ ಅಂಗಡಿಯದು. ಹೊರಗೆ ಪಾರ್ಕಿಂಗಿಗೆ ಬಂದ ಮೇಲೆ ಬಾನೆಟ್ಟಿಗೆ ಕುಂಕುಮ ಇಟ್ಟು, ನಾಲ್ಕು ಚಕ್ರದಡಿ ನಿಂಬೆಹಣ್ಣಿಟ್ಟು, "ಗಂಗಾಧರೇಶ್ವರ, ಹೊನ್ನಾದೇವಿ, ಕಾಪಾಡ್ರಪ್ಪ" ಅಂತ ಶಿವಗಂಗೆಯ ದೇವರುಗಳನ್ನೇ ಕರೆದಳು. ಪಕ್ಕದಲ್ಲಿ ತಮ್ಮ ಕಾರಿನ ಜೊತೆ ಫೋಟೋ ತೆಗೆಸಿಕೊಳ್ತಿದ್ದ ಒಬ್ಬ ಅಜ್ಜ ಬಂದು ಇದೇನಂತ ವಿಚಾರಿಸಿದ. ದೃಷ್ಟಿ ಆಗದಿರಲಿ ಅಂತ, ಅಂದೆ. "ನಮ್ಮದಕ್ಕೂ ಒಂದು ಸಿಗುತ್ತಾ?" ಅಂದ. ಅಮ್ಮ ಉಳಿದ ಒಂದನ್ನು ಅವನ ಕಾರಿಗೂ ಇಟ್ಟಳು. ಚಪ್ಪಟೆಯಾದ ಹಣ್ಣುಗಳನ್ನೆಲ್ಲ ಆರಿಸಿ ಕವರಿಗೆ ಹಾಕಿಕೊಂಡೇ ಹೊರಟೆವು.

ಇಲ್ಲಿ ಗಾಡಿಗಳು ರಸ್ತೆಯ ಬಲಕ್ಕೆ ಓಡ್ತವೆ, ಸ್ಟೇರಿಂಗ್ ಎಡಕ್ಕಿರುತ್ತೆ. ಅಪ್ಪನನ್ನು ಮುಂದೆ ಕೂರಿಸಿದೆವು. ಅಂದರೆ ಬಲಗಡೆ; 28 ವರ್ಷ ಅವರು ಕೂತ ಕಡೆಗೇ. ಆದರೆ ಎದುರಿಗೆ ಸ್ಟೇರಿಂಗ್ ಇಲ್ಲ, ಕಾಲ ಕೆಳಗೆ ಪೆಡಲ್ ಇಲ್ಲ. ಪಾಪ, ಮೊದಲ ಐವತ್ತು ಕಿಲೋಮೀಟರ್ ಅವರ ಬಲಗಾಲು ನೆಲದ ಮ್ಯಾಟನ್ನು ತುಳಿಯುತ್ತಲೇ ಇತ್ತು. ನಾನು ಬ್ರೇಕ್ ಒತ್ತೋದಕ್ಕೆ ಅರ್ಧ ಸೆಕೆಂಡ್ ಮುಂಚೆ ಅವರು ಒತ್ತುತ್ತಿದ್ದರು. ಹಿಂದಿನಿಂದ ನನ್ನ ಗಂಡ ಅದನ್ನು ನೋಡಿ ನಗು ತಡೆದುಕೊಂಡು ಕೂತಿದ್ದ.

ಆಟೊಬಾನ್ ಅಂದ ಕೂಡಲೇ ಎಲ್ಲರೂ ಕೇಳೋದು ವೇಗದ ಬಗ್ಗೆ. ಬಹಳಷ್ಟು ಕಡೆ ಮಿತಿ ಇಲ್ಲ ಅನ್ನೋದು ನಿಜ. 130ರ ಮೇಲೆ ಹೋಗದಿದ್ದರೆ ಒಳ್ಳೆಯದು ಅಂತ ಸಲಹೆ ಮಾತ್ರ. ನಮ್ಮದು ಹೊಸ ಇಂಜಿನ್, ಮೊದಲ ಸಾವಿರ ಕಿಲೋಮೀಟರ್ ಹದವಾಗಿ ಓಡಿಸಬೇಕು. ನೂರಹತ್ತರಲ್ಲಿ ಬಲಗಡೆಯ ಪಥ ಹಿಡಿದು ಹೋಗ್ತಿದ್ದೆವು. ಎಡಗಡೆ ಸುಂಯ್ ಸುಂಯ್ ಅಂತ ಕಾರುಗಳು. ಅಪ್ಪನಿಗೆ ವೇಗಕ್ಕಿಂತ ಹಿಡಿಸಿದ್ದು ಬೇರೆ. ಕಾಸೆಲ್ ಊರಿನ ಹತ್ತಿರ ಬೆಟ್ಟದ ಏರಿನಲ್ಲಿ ಟ್ರಾಫಿಕ್ ನಿಂತಿತು. ನಿಲ್ಲುವ ಮುಂಚೆಯೇ ಎಡ ಪಥದವರೆಲ್ಲ ಎಡಕ್ಕೆ, ಉಳಿದವರೆಲ್ಲ ಬಲಕ್ಕೆ ಸರಿದರು. ಮಧ್ಯೆ ಒಂದು ಆಂಬುಲೆನ್ಸ್ ಹೋಗುವಷ್ಟು ದಾರಿ. ಇದು ಇಲ್ಲಿನ ಕಾನೂನು, ದಾರಿ ಬಿಡದಿದ್ದರೆ 200 ಯೂರೋ ದಂಡದಿಂದ ಶುರು. ಎರಡು ನಿಮಿಷದಲ್ಲಿ ಆಂಬುಲೆನ್ಸ್ ಬಂದೇ ಬಂತು, ಎಲ್ಲೂ ನಿಲ್ಲದೆ ಹೋಯ್ತು. ಅಪ್ಪ ಅದು ಮರೆಯಾಗುವ ತನಕ ನೋಡಿದರು. "ಹಿರಿಯೂರ್ ತಾವ ಒಂದ್ಸಲ ಒಬ್ಬ ಹುಡುಗ ನನ್ ಲಾರಿ ಮುಂದೇನೇ..." ಅಂತ ಶುರು ಮಾಡಿ, ಅಮ್ಮ ಹಿಂದೆ ಕೂತಿದ್ದು ನೆನಪಾಗಿ ನಿಲ್ಲಿಸಿದರು.

ಅಮ್ಮನಿಗೆ ಬೇಸರ ಆಗಿದ್ದು ಒಂದೇ ವಿಷಯಕ್ಕೆ. ದೊಡ್ಡ ತಂಗುದಾಣಗಳಲ್ಲಿ ಶೌಚಾಲಯಕ್ಕೆ ಒಂದು ಯೂರೋ. "ನೂರ್ ರೂಪಾಯಾ?" ಅಂತ ಹೌಹಾರಿದಳು. ಕಾರಿಗೆ ಟೋಲ್ ಇಲ್ಲವಲ್ಲ ಅಂತ ಸಮಾಧಾನ ಮಾಡಿದೆ. ರಸ್ತೆ ಪಕ್ಕ ಎಕರೆಗಟ್ಟಲೆ ಹಳದಿ ಹೂವು ನೋಡಿದ ಮೇಲೆ ಅದನ್ನು ಮರೆತಳು. ಮೇ ತಿಂಗಳಲ್ಲಿ ಇಲ್ಲಿ ಎಣ್ಣೆಬೀಜದ ಹೊಲಗಳು ಹೂಬಿಡ್ತವೆ, ಸಾಸಿವೆ ಜಾತಿಯವು. "ಹುಚ್ಚೆಳ್ಳು ಹೂವಿನಂಗೇ ಐತೆ ಕಣೆ" ಅಂತ ದಾರಿಯುದ್ದಕ್ಕೂ ಹೇಳಿದಳು.

ಎರಡನೇ ದಿನ ಹೈಡೆಲ್‌ಬರ್ಗ್ ದಾಟಿ ವೀಸ್ಲೋಕ್ ಎಂಬ ಊರಿನಲ್ಲಿ ನಿಲ್ಲಿಸಿದೆ. ಅಲ್ಲೊಂದು ಹಳೇ ಔಷಧಿ ಅಂಗಡಿ ಇದೆ, ಜಗತ್ತಿನ ಮೊದಲ ಪೆಟ್ರೋಲ್ ಬಂಕ್ ಅಂತ ಹೆಸರು. 1888ರ ಆಗಸ್ಟಿನಲ್ಲಿ ಬರ್ತಾ ಬೆಂಜ್ ಎಂಬ ಹೆಂಗಸು, ತನ್ನ ಗಂಡ ಕಾರ್ಲ್ ಬೆಂಜ್ ಮಾಡಿದ್ದ ಮೂರು ಚಕ್ರದ ಕಾರನ್ನು ಅವನಿಗೆ ಹೇಳದೇ ತೆಗೆದುಕೊಂಡು, 15 ಮತ್ತು 13 ವರ್ಷದ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟಳು. ನೂರು ಕಿಲೋಮೀಟರಿಗೂ ಹೆಚ್ಚು ದೂರ. ಅಲ್ಲಿಯ ತನಕ ಕಾರಲ್ಲಿ ಯಾರೂ ಅಷ್ಟು ದೂರ ಹೋಗಿರಲಿಲ್ಲ. ಇಂಧನ ಮುಗಿದಾಗ ಈ ಅಂಗಡಿಯಲ್ಲಿ ಕಲೆ ತೆಗೆಯೋಕೆ ಮಾರುತ್ತಿದ್ದ ಲಿಗ್ರಾಯಿನ್ ಕೊಂಡು ಹಾಕಿದಳು. ಪೈಪು ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ಬ್ರೇಕ್ ಸವೆದಾಗ ಚಪ್ಪಲಿ ಹೊಲಿಯುವವರಿಂದ ಚರ್ಮ ಹಾಕಿಸಿದಳು. ಏರು ಬಂದರೆ ಇಳಿದು ತಳ್ಳುವುದು. ಅಂತೂ ಸಂಜೆ ತಲುಪಿದ ಮೇಲೆ ಗಂಡನಿಗೆ ತಂತಿ ಕಳಿಸಿದಳು.

ಅಪ್ಪ ಬ್ರೇಕಿಗೆ ಚರ್ಮ ಹಾಕಿಸಿದ್ದನ್ನು ಎರಡು ಸಲ ಹೇಳಿಸಿಕೊಂಡು ಕೇಳಿದರು. ಅಮ್ಮ ಕೇಳಿದ್ದು, "ಅಷ್ಟು ದೂರ ಯಾಕೆ ಹೋದ್ಲು?" ಅಂತ.

"ತವರುಮನೆ ಅಲ್ಲಿತ್ತಮ್ಮ. ಅಮ್ಮನ್ನ ನೋಡೋಕೆ."

"ಮತ್ತೆ! ಹೋಗ್ಬೇಕು ತಾನೇ" ಅಂದಳು ಅಮ್ಮ, ಇದರಲ್ಲೇನು ವಿಶೇಷ ಅನ್ನೋ ಹಾಗೆ.

ಭಾನುವಾರ ಬೆಳಗ್ಗೆ ಟೀ ಕುಡಿಯೋಕೆ ಒಂದು ತಂಗುದಾಣಕ್ಕೆ ತಿರುಗಿಸಿದರೆ ಜಾಗವೆಲ್ಲ ಲಾರಿಗಳು. ಏಳೂವರೆ ಟನ್‌ಗಿಂತ ದೊಡ್ಡ ಲಾರಿಗಳು ಇಲ್ಲಿ ಭಾನುವಾರ ರಾತ್ರಿ ಹತ್ತರ ತನಕ ಓಡುವ ಹಾಗಿಲ್ಲ. ಅಪ್ಪ ಟೀ ಬಿಟ್ಟು ಅತ್ತಲೇ ನಡೆದರು. ಒಬ್ಬ ಪೋಲೆಂಡಿನ ಡ್ರೈವರ್ ಲಾರಿ ಪಕ್ಕ ಸಣ್ಣ ಸ್ಟೌ ಹಚ್ಚಿ ಏನೋ ಬೇಯಿಸ್ತಿದ್ದ. ಭಾಷೆ ಗೊತ್ತಿಲ್ಲದಿದ್ದರೂ ಟೈರ್ ತಟ್ಟಿ, ಕ್ಯಾಬಿನ್ ತೋರಿಸಿ ಇಬ್ಬರೂ ಮಾತಾಡಿಕೊಂಡಾಗಿತ್ತು. ನಾನು ಹೋಗಿ ಜರ್ಮನ್‌ನಲ್ಲಿ ನಡುವೆ ನಿಂತೆ. ನಾಲ್ಕೂವರೆ ಗಂಟೆ ಓಡಿಸಿದರೆ ಮುಕ್ಕಾಲು ಗಂಟೆ ನಿಲ್ಲಲೇಬೇಕು, ಎಲ್ಲ ಯಂತ್ರದಲ್ಲಿ ದಾಖಲಾಗುತ್ತೆ, ಮಾಲೀಕ ಹೇಳಿದ ಅಂತ ಮೀರಿದರೆ ದಂಡ ಅಂತ ಅವನು ವಿವರಿಸಿದ. ಅವನು ಮನೆಗೆ ಹೋಗಿ ಮೂರು ವಾರ ಆಗಿತ್ತಂತೆ. ಅಮ್ಮ ಕೋಡುಬಳೆ ತಂದು ಕೊಟ್ಟಳು.

ಕಾರಿಗೆ ವಾಪಸ್ ಬಂದಾಗ ಅಪ್ಪ ಕೇಳಿದರು, "ನಾನೊಸಿ ಓಡ್ಸಲಾ?"

ಅದಕ್ಕೆಂದೇ ನೆಲಮಂಗಲದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡು ಬರೋಕೆ ಹೇಳಿದ್ದೆ. ವಿಮೆಗೂ ಅವರ ಹೆಸರು ಸೇರಿಸಿದ್ದೆ. ಇಷ್ಟು ದಿನ ಕೇಳಿರಲಿಲ್ಲ. ಫೋರ್ಟ್ಸ್‌ಹೈಮ್ ದಾಟಿ, ಆಟೊಬಾನ್ ಬಿಟ್ಟು, ಕಾಲ್ವ್ ಊರಿನ ಕಡೆ ಹೋಗುವ ಕಾಡಿನ ರಸ್ತೆಗೆ ಬಂದ ಮೇಲೆ ಜಾಗ ಬದಲಾಯಿಸಿದೆವು. ಗೇರ್ ಹಾಕೋಕೆ ಅಂತ ಎಡಗೈ ಹೋಗಿ ಬಾಗಿಲಿಗೆ ತಗುಲಿತು. ಎರಡನೇ ಸಲವೂ ತಗುಲಿತು. ಮೂರನೇ ಸಲಕ್ಕೆ ಕೈ ಪಳಗಿತು. ಆಮೇಲೆ ನಾನು ಸುಮ್ಮನೆ ನೋಡ್ತಾ ಕೂತೆ. ಆ ತಿರುವುಗಳಲ್ಲಿ ಬ್ರೇಕ್ ಹಾಕಿದ್ದೇ ಗೊತ್ತಾಗ್ತಿರಲಿಲ್ಲ. ನಮ್ಮಪ್ಪ ಓಡಿಸೋದನ್ನು ಪಕ್ಕದಲ್ಲಿ ಕೂತು ನೋಡಿದ್ದು ನಾನು ಅದೇ ಮೊದಲು.

ರಸ್ತೆ ಮೇಲಿನ ಕಣ್ಣು ತೆಗೆಯದೇ ಕೇಳಿದರು, "ಸಾಲ ಎಷ್ಟ್ ವರ್ಷದ್ದು?"

"ನಾಲ್ಕು."

"ಹಂಗಾದ್ರೆ ನಾಲ್ಕ್ ವರ್ಷ ಬರಲ್ಲ."

"ಕಾರಿಗೇನಪ್ಪ, ಮಾರಿ ಬರಬಹುದು."

"ಗಾಡಿ ಮಾರಬೌದು ಕಣವ್ವ. ಗಾಡಿ ತಗಂಡೋರು ಆಮೇಲೆ ಮನೆ ತಗಂತಾರೆ. ಮಕ್ಕಳಾಯ್ತವೆ, ಇಸ್ಕೂಲು ಅಂತಾರೆ."

ಹಿಂದಿನ ಸೀಟಿನಲ್ಲಿ ಅಮ್ಮ ನಿದ್ದೆ ಮಾಡ್ತಿದ್ದಳೋ, ಕಣ್ಣು ಮುಚ್ಚಿಕೊಂಡಿದ್ದಳೋ. ನನಗೆ ಗೊತ್ತಿದ್ದಷ್ಟನ್ನೇ ಹೇಳಿದೆ. "ಬರ್ತೀನೋ ಇಲ್ವೋ ನಂಗೇ ಗೊತ್ತಿಲ್ಲಪ್ಪ."

ಅವರಿಗೆ ಕೋಪ ಬರಲಿಲ್ಲ. "ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನು. ಬತ್ತೀನಿ ಬತ್ತೀನಿ ಅಂತ ಮಾತ್ರ ಅನ್ಬೇಡ. ನಾನು ಎಸ್‌ಟಿಡಿ ಬೂತಿಂದ ನಿಮ್ಮವ್ವಂಗೆ ನಾಳೆ ಬತ್ತೀನಿ ಅಂತ ಹೇಳೋನು. ಪುಣೇಲಿ ಲೋಡ್ ಆಗ್ತಿರ್ಲಿಲ್ಲ. ಅವ್ಳು ಅಡುಗೆ ಮಾಡ್ಕೊಂಡು, ಉಣ್ಣದೆ ಕಾಯ್ತಾ ಕೂತಿರೋಳು. ಎಷ್ಟ್ ವರ್ಷ ಹಂಗೇ ಆಯ್ತು. ಬರಲ್ಲ ಅಂದಿದ್ರೆ ಉಂಡು ಮಲಗಿರೋಳು."

ಇಪ್ಪತ್ತು ಕಿಲೋಮೀಟರ್ ಆದ ಮೇಲೆ ಕಾರನ್ನು ಬದಿಗೆ ನಿಲ್ಲಿಸಿ, "ಸಾಕು, ನಿನ್ ಗಾಡಿ ನೀನೇ ಓಡ್ಸು" ಅಂತ ಬೀಗದ ಕೈ ಕೊಟ್ಟರು.

ಮಧ್ಯಾಹ್ನ ಟ್ಯೂಬಿಂಗೆನ್‌ನಲ್ಲಿ ನೆಕ್ಕರ್ ನದಿ ದಡದಲ್ಲಿ ಕೂತು ಪುಳಿಯೋಗರೆ ತಿಂದೆವು. ಕನ್ನಡಕ್ಕೆ ನಿಘಂಟು ಮಾಡಿದ ಕಿಟೆಲ್ 1903ರಲ್ಲಿ ತೀರಿಕೊಂಡಿದ್ದು ಇದೇ ಊರಲ್ಲಿ. 1853ರಲ್ಲಿ ನಮ್ಮ ಕಡೆಗೆ ಬಂದು, ದಶಕಗಟ್ಟಲೆ ಶ್ರಮಪಟ್ಟು, 1894ರಲ್ಲಿ ಸುಮಾರು 70 ಸಾವಿರ ಪದಗಳ ನಿಘಂಟು ಹೊರತಂದವರು. ಎಂ.ಜಿ. ರೋಡಿನಲ್ಲಿ ಅವರ ಪ್ರತಿಮೆ ನೋಡಿದ್ದೀರಲ್ಲ ಅಂದೆ. ಅಪ್ಪ ಎಲೆ ಅಡಿಕೆ ಹಾಕ್ಕೊಳ್ತಾ, "ಕೊನೇಗೆ ಈ ಕಡೇನೇ ಬಂದ್ರಾ?" ಅಂದ್ರು. ಬಂದ್ರು, ಅಂದೆ. ಹೂಂ, ಅಂದು ನದಿ ನೋಡ್ತಾ ಕೂತರು. ಸಂಜೆ ಮನೆ ಮುಟ್ಟಿದಾಗ ಮೀಟರ್ 700 ದಾಟಿತ್ತು.

ಅಪ್ಪ ಅಮ್ಮ ಊರಿಗೆ ಹೋಗಿ ಮೂರು ತಿಂಗಳಾಯ್ತು. ಭಾನುವಾರ ಫೋನ್ ಮಾಡಿದರೆ ಅಪ್ಪನ ಮೊದಲ ಪ್ರಶ್ನೆ "ಎಷ್ಟ್ ಕಿಲೋಮೀಟರ್ ಆಯ್ತು?", ಎರಡನೇದು "ಗಾಳಿ ನೋಡ್ಸಿದ್ಯಾ?". ಡಿಸೆಂಬರಿನಲ್ಲಿ ಊರಿಗೆ ಹೋಗಬೇಕು ಅಂತ ನಾವು ಆಗಸ್ಟಿನಲ್ಲೇ ಮಾತಾಡಿಕೊಂಡಿದ್ದರೂ ಅವರಿಗೆ ಹೇಳಿರಲಿಲ್ಲ. ರಜೆ ಮಂಜೂರಾಗಿ, ಟಿಕೆಟ್ ಕೈಗೆ ಬಂದ ಮೇಲೆ ಹೋದ ವಾರ ಹೇಳಿದೆ: 20ನೇ ತಾರೀಕು ಬೆಳಗಿನ ಜಾವ ದೇವನಹಳ್ಳಿಯಲ್ಲಿ ಇಳೀತೀವಿ, ಮೂರು ವಾರ ಇರ್ತೀವಿ. ಅಮ್ಮ ಎದುರಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿದಳಂತೆ. ದೊಡ್ಡಬಳ್ಳಾಪುರದ ಮೇಲೆ ಬಂದ್ರೆ ಬೇಗ, ನಾನೇ ಕರಕೊಂಡು ಬರ್ತೀನಿ, ಪಕ್ಕದ ಮನೆಯವರ ಕಾರು ಕೇಳಿದ್ದೀನಿ ಅಂದ್ರು ಅಪ್ಪ.